ಕೂಲರಿಗಿಂತ ಮೊದಲು ಕೊಳವೆ: ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತಂಪು ವ್ಯವಸ್ಥೆಯನ್ನು ಬಲಪಡಿಸುವ ಬಗೆ

ಭಾರವಾದ ಟ್ರೈಲರ್ ಎಳೆಯುವವರು, ಪದೇಪದೇ ಘಟ್ಟ ಹತ್ತಿಳಿಯುವವರು, ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿಕೊಂಡವರು ಒಂದಲ್ಲ ಒಂದು ದಿನ ತಮ್ಮ ಆಟೊಮ್ಯಾಟಿಕ್ ಕಾರಿಗೆ ದೊಡ್ಡದೊಂದು ಟ್ರಾನ್ಸ್‌ಮಿಷನ್ ಕೂಲರ್ ಹಾಕಿಸುವ ಯೋಚನೆಗೆ ಬರುತ್ತಾರೆ. ಆಗ ಚರ್ಚೆಯೆಲ್ಲ ಕೂಲರಿನ ಅಳತೆ, ಅದರ ಪದರಗಳ ಸಂಖ್ಯೆ ಮತ್ತು ಅದನ್ನು ಎಲ್ಲಿ ಕೂರಿಸಬೇಕೆಂಬುದರ ಸುತ್ತಲೇ ಸುತ್ತುತ್ತದೆ. ಗೇರ್‌ಬಾಕ್ಸಿನಿಂದ ಕೂಲರಿಗೆ ಆಯಿಲ್ ಒಯ್ಯುವ ಹೋಸುಗಳನ್ನೂ ಅವುಗಳ ತುದಿಯ ಫಿಟ್ಟಿಂಗುಗಳನ್ನೂ ಪೆಟ್ಟಿಗೆಯೊಳಗೆ ಬಂದದ್ದೇ ಸಾಕು ಎಂದು ಜೋಡಿಸಿಬಿಡುವುದು ಸಾಮಾನ್ಯ. ಆದರೆ ಈ ವ್ಯವಸ್ಥೆ ಕೈಕೊಟ್ಟಾಗ ತಪ್ಪು ಹೆಚ್ಚಾಗಿ ಕೂಲರಿನಲ್ಲಿ ಇರುವುದಿಲ್ಲ. ಕ್ಲಿಪ್ಪಿನಿಂದ ಜಾರಿದ ಹೋಸು, ಉಜ್ಜಿ ತೂತಾದ ಪೈಪು, ಹೊಂದದ ಥ್ರೆಡ್ಡಿನ ಮೇಲೆ ಬಲವಂತವಾಗಿ ಬಿಗಿದ ಫಿಟ್ಟಿಂಗು, ಇವೇ ಗೇರ್‌ಬಾಕ್ಸನ್ನು ಕೊಲ್ಲುತ್ತವೆ. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಕೊಳವೆ ಮತ್ತು ಕೀಲುಗಳಿಗೇ ಮೀಸಲು. ಅದಕ್ಕೆ ಮೊದಲು ಶಾಖ ಎಲ್ಲಿ ಹುಟ್ಟುತ್ತದೆ, ಆಯಿಲ್ ಯಾವ ದಾರಿಯಲ್ಲಿ ಹರಿಯುತ್ತದೆ ಎಂಬುದು ಸ್ಪಷ್ಟವಾಗಬೇಕು.

ಶಾಖದ ಮೂಲ

ಸಾಂಪ್ರದಾಯಿಕ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಂಜಿನ್ನಿಗೂ ಗೇರುಗಳಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎಂಜಿನ್ ತಿರುಗಿಸುವ ರೆಕ್ಕೆಚಕ್ರವೊಂದು ಆಯಿಲನ್ನು ಎದುರಿನ ಚಕ್ರದ ರೆಕ್ಕೆಗಳ ಮೇಲೆ ಎಸೆಯುತ್ತದೆ, ಆ ಚಕ್ರ ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ಎರಡೂ ಚಕ್ರಗಳು ಸಮವೇಗದಲ್ಲಿ ಇಲ್ಲದಿರುವಾಗ, ಅಂದರೆ ನಿಂತಲ್ಲಿಂದ ಹೊರಡುವಾಗ, ಏರು ಹತ್ತುವಾಗ, ಭಾರ ಎಳೆಯುವಾಗ, ಅವುಗಳ ನಡುವಿನ ಜಾರಿಕೆಯಲ್ಲಿ ಕಳೆದುಹೋಗುವ ಶಕ್ತಿಯೆಲ್ಲ ಆಯಿಲಿಗೆ ಶಾಖವಾಗಿ ಸೇರುತ್ತದೆ. ಎಂಜಿನ್ 60 ಕಿಲೋವ್ಯಾಟ್ ಶಕ್ತಿ ಕೊಡುತ್ತಿದ್ದು ಕನ್ವರ್ಟರಿನ ದಕ್ಷತೆ ಆ ಕ್ಷಣದಲ್ಲಿ 85 ಪ್ರತಿಶತ ಇದೆ ಎಂದುಕೊಂಡರೆ, ಉಳಿದ 9 ಕಿಲೋವ್ಯಾಟ್ ನೇರವಾಗಿ ಆಯಿಲನ್ನು ಕಾಯಿಸುತ್ತಿರುತ್ತದೆ. ನಾಲ್ಕೈದು ವಿದ್ಯುತ್ ಕೆಟಲ್‌ಗಳು ಒಟ್ಟಿಗೆ ಉರಿದಷ್ಟು ಶಾಖ ಅದು. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಲಾಕಪ್ ಕ್ಲಚ್ ಎರಡೂ ಚಕ್ರಗಳನ್ನು ಬೆಸೆದು ಈ ಜಾರಿಕೆಯನ್ನು ನಿಲ್ಲಿಸುತ್ತದೆ. ಹೆದ್ದಾರಿಯಲ್ಲಿ ತಣ್ಣಗಿರುವ ಗೇರ್‌ಬಾಕ್ಸು ನಿಧಾನಗತಿಯ ಏರಿನಲ್ಲಿ ಕುದಿಯುವುದು ಈ ಕಾರಣಕ್ಕೆ.

ಆಯಿಲ್ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಅದು ಅದರ ಸಹಜ ಸ್ಥಿತಿ. ಅದಕ್ಕಿಂತ ಮೇಲೆ ಹೋದಂತೆ ಆಮ್ಲಜನಕದೊಡನೆ ಅದರ ವರ್ತನೆ ಚುರುಕಾಗುತ್ತದೆ; ಪ್ರತಿ 10 ಡಿಗ್ರಿ ಏರಿಕೆಗೆ ಆಯಿಲಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲ್ಲ ಬಗೆಯ ಎಣ್ಣೆಗಳಿಗೂ ಅನ್ವಯಿಸಿಕೊಂಡು ಬಂದಿರುವ ಸ್ಥೂಲ ಲೆಕ್ಕ. 120 ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಕಳೆದ ಆಯಿಲ್ ಕವಾಟಗಳ ಮೇಲೆ ಅಂಟಾದ ಕಂದು ಪೊರೆಯನ್ನು ಕಟ್ಟತೊಡಗುತ್ತದೆ, ರಬ್ಬರಿನ ಸೀಲುಗಳು ಗಡುಸಾಗುತ್ತವೆ. ಸೀಲು ಗಡುಸಾದರೆ ಒಳಗಿನ ಒತ್ತಡ ಸೋರಿಹೋಗುತ್ತದೆ, ಒತ್ತಡ ಇಳಿದರೆ ಕ್ಲಚ್ ಜಾರುತ್ತದೆ, ಕ್ಲಚ್ ಜಾರಿದರೆ ಇನ್ನಷ್ಟು ಶಾಖ ಹುಟ್ಟುತ್ತದೆ. ಇಂದಿನ ಸಿಂಥೆಟಿಕ್ ಆಯಿಲುಗಳು ಹಳೆಯವಕ್ಕಿಂತ ಹೆಚ್ಚು ತಾಳಿಕೊಳ್ಳುತ್ತವೆ ಎಂಬುದು ನಿಜ; ಆದರೆ ಸೀಲುಗಳಿಗೆ ಆ ಅನುಕೂಲ ಅಷ್ಟೇನೂ ದಕ್ಕುವುದಿಲ್ಲ.

ಕಾರ್ಖಾನೆಯಿಂದ ಬಂದ ಏರ್ಪಾಡು

ಬಹಳಷ್ಟು ಕಾರುಗಳಲ್ಲಿ ಗೇರ್‌ಬಾಕ್ಸಿನ ಆಯಿಲ್ ಕೂಲರ್ ರೇಡಿಯೇಟರಿನ ಬದಿಯ ತೊಟ್ಟಿಯೊಳಗೇ ಅಡಗಿರುತ್ತದೆ. ಬಿಸಿಯಾದ ಆಯಿಲ್ ಆ ಸಣ್ಣ ಕೊಳವೆಯೊಳಗೆ ಹರಿಯುತ್ತದೆ, ಅದರ ಹೊರಗೆ ಎಂಜಿನ್ನಿನ ಕೂಲೆಂಟ್ ಹರಿಯುತ್ತದೆ. ಇದರಲ್ಲಿ ಒಂದು ಜಾಣತನವಿದೆ: ಬೆಳಗಿನ ಚಳಿಯಲ್ಲಿ ಕೂಲೆಂಟ್ ಬೇಗ ಬಿಸಿಯೇರಿ ಆಯಿಲನ್ನೂ ಬೆಚ್ಚಗೆ ಮಾಡುತ್ತದೆ. ಮಿತಿಯೂ ಅಲ್ಲೇ ಇದೆ, ಏಕೆಂದರೆ ಸುತ್ತಲಿನ ಕೂಲೆಂಟಿಗಿಂತ ಹೆಚ್ಚು ತಣ್ಣಗಾಗುವುದು ಆಯಿಲಿಗೆ ಸಾಧ್ಯವೇ ಇಲ್ಲ. ಎಂಜಿನ್ ತಾನೇ ಬೆವರುತ್ತಿರುವ ಏರಿನಲ್ಲಿ ಆ ಕೂಲೆಂಟಿನಿಂದ ಗೇರ್‌ಬಾಕ್ಸಿಗೆ ಸಿಗುವ ನೆರವು ಅಲ್ಪ. ಇದಕ್ಕಿಂತ ಘೋರವಾದ ಇನ್ನೊಂದು ಅಪಾಯವೂ ಉಂಟು. ತೊಟ್ಟಿಯೊಳಗಿನ ಆ ಕೊಳವೆ ಬಿರುಕು ಬಿಟ್ಟರೆ ಕೂಲೆಂಟ್ ಆಯಿಲಿಗೆ ಸೇರಿ ಗುಲಾಬಿ ಬಣ್ಣದ ನೊರೆಹಾಲಿನಂತಹ ದ್ರವ ಗೇರ್‌ಬಾಕ್ಸಿನ ತುಂಬ ಹರಡುತ್ತದೆ. ಕ್ಲಚ್ ತಟ್ಟೆಗಳ ಮೇಲಿನ ಘರ್ಷಣೆಯ ಪದರ ನೀರನ್ನು ಹೀರಿಕೊಂಡು ಅಂಟು ಬಿಟ್ಟು ಕಳಚಿಕೊಳ್ಳುವುದರಿಂದ, ಆಯಿಲ್ ಬದಲಿಸಿದ ಮಾತ್ರಕ್ಕೆ ಗೇರ್‌ಬಾಕ್ಸು ಉಳಿಯುವುದು ಅಪರೂಪ.

ಹೊರಗಿನಿಂದ ಸೇರಿಸುವ ಕೂಲರ್ ಗಾಳಿಯಿಂದ ತಣಿಯುತ್ತದೆ. ಅಗ್ಗದ ಬಗೆಯಲ್ಲಿ ಹಾವಿನಂತೆ ಬಾಗಿದ ಒಂದೇ ಕೊಳವೆಗೆ ತಗಡಿನ ರೆಕ್ಕೆಗಳನ್ನು ಹೊಂದಿಸಿರುತ್ತಾರೆ. ಪದರಪದರವಾಗಿ ತಟ್ಟೆಗಳನ್ನು ಜೋಡಿಸಿದ ಬಗೆ ಅದೇ ಅಳತೆಯಲ್ಲಿ ಬಹಳ ಹೆಚ್ಚು ಶಾಖವನ್ನು ಹೊರಹಾಕುತ್ತದೆ ಮತ್ತು ಆಯಿಲ್ ಹಲವು ದಾರಿಗಳಲ್ಲಿ ಹಂಚಿ ಹರಿಯುವುದರಿಂದ ಹರಿವಿಗೆ ಅಡ್ಡಿಯೂ ಕಡಿಮೆ. ಆಯ್ಕೆಯಲ್ಲಿ ನನಗೆ ಸಂದೇಹವಿಲ್ಲ: ಜಾಗ ಇದ್ದರೆ ತಟ್ಟೆಗಳ ಕೂಲರನ್ನೇ ಹಾಕಬೇಕು.

ಹರಿವು ನಿಂತರೆ ಏನಾಗುತ್ತದೆ

ಕೂಲರಿಗೆ ಹೋಗುವ ಆಯಿಲ್ ಹೆಚ್ಚುವರಿಯಾಗಿ ಉಳಿದ ಆಯಿಲ್ ಅಲ್ಲ ಎಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ. ಅನೇಕ ಗೇರ್‌ಬಾಕ್ಸುಗಳಲ್ಲಿ ಟಾರ್ಕ್ ಕನ್ವರ್ಟರಿನಿಂದ ಹೊರಬಂದ ಬಿಸಿ ಆಯಿಲ್ ಕೂಲರಿಗೆ ಹೋಗಿ ಮರಳಿ ಬಂದು, ಅಲ್ಲಿಂದಲೇ ಗೇರುಗಳ, ಬೇರಿಂಗುಗಳ ಮತ್ತು ಬುಷ್‌ಗಳ ನಯಗಾರಿಕೆಗೆ ಒದಗುತ್ತದೆ. ಹೋಸು ಮಡಚಿಕೊಂಡರೆ, ಫಿಟ್ಟಿಂಗಿನ ರಂಧ್ರ ತೀರ ಕಿರಿದಾದರೆ, ಕೂಲರಿನೊಳಗೆ ಕಸ ಕಟ್ಟಿದರೆ ಆಯಿಲ್ ಬಿಸಿಯಾಗುವುದಷ್ಟೇ ಅಲ್ಲ, ಗೇರ್‌ಬಾಕ್ಸಿನ ಹಿಂಭಾಗ ಒಣಗಿಯೂ ಹೋಗಬಹುದು. ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ಒಂದು ಸರಳ ಪರೀಕ್ಷೆಯೆಂದರೆ ಮರಳುವ ಕೊಳವೆಯನ್ನು ಬಿಚ್ಚಿ ಅಳತೆಯ ಪಾತ್ರೆಗೆ ಬಿಟ್ಟು, ಎಂಜಿನ್ನನ್ನು ಐಡಲಿನಲ್ಲಿ ಓಡಿಸಿ ಹರಿವನ್ನು ನೋಡುವುದು; ಸುಮಾರು 20 ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಒಂದು ಲೀಟರ್ ಬರಬೇಕು. ಕಾರಿನ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ನಂಬಬೇಕು.

ಇದೇ ಅಂಕಿಯನ್ನು ತಿರುಗಿಸಿ ನೋಡಿದರೆ ಹೋಸು ಕಳಚಿದಾಗಿನ ಅಪಾಯದ ಅಂದಾಜು ಸಿಗುತ್ತದೆ. ಐಡಲಿನಲ್ಲೇ ನಿಮಿಷಕ್ಕೆ 3 ಲೀಟರ್ ಹೊರಗೆ ಹೋಗುವುದಾದರೆ, ಮತ್ತು ತಳದ ಪ್ಯಾನಿನಲ್ಲಿರುವುದು ನಾಲ್ಕೈದು ಲೀಟರ್ ಮಾತ್ರವಾದರೆ, ರಸ್ತೆಯ ವೇಗದಲ್ಲಿ ಪಂಪು ಖಾಲಿಯಾಗಿ ಗಾಳಿ ಹೀರತೊಡಗಲು ಒಂದೆರಡು ನಿಮಿಷವೂ ಬೇಕಿಲ್ಲ. ಚಾಲಕನಿಗೆ ಗೊತ್ತಾಗುವುದು ಎಂಜಿನ್ ಮಾತ್ರ ಜೋರಾಗಿ ಕೂಗಿ ಕಾರು ಮುಂದೆ ಹೋಗದಿದ್ದಾಗ. ಇದರ ಜೊತೆಗೆ ಬೆಂಕಿಯ ಭಯವೂ ಇದೆ: ಚಿಮ್ಮಿದ ಆಯಿಲ್ ಕೆಂಪಗೆ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಬಿದ್ದರೆ ಹೊತ್ತಿಕೊಳ್ಳಬಹುದು.

ತಂಪಿನ ಲೆಕ್ಕದಲ್ಲೂ ಹರಿವಿಗೆ ನೇರ ಪಾತ್ರವಿದೆ. ಒಂದು ಲೀಟರ್ ಆಯಿಲಿನ ತೂಕ ಸುಮಾರು 0.85 ಕಿಲೋಗ್ರಾಂ, ಅದರ ಒಂದು ಕಿಲೋಗ್ರಾಮನ್ನು ಒಂದು ಡಿಗ್ರಿ ಇಳಿಸಲು ಸುಮಾರು 2 ಕಿಲೋಜೌಲ್ ಶಾಖ ತೆಗೆಯಬೇಕು. ನಿಮಿಷಕ್ಕೆ 6 ಲೀಟರ್ ಹರಿದು ಕೂಲರಿನಲ್ಲಿ 20 ಡಿಗ್ರಿ ಇಳಿದರೆ ಹೊರಹೋದ ಶಾಖ ಸುಮಾರು 3.4 ಕಿಲೋವ್ಯಾಟ್. ಹರಿವು ಅರ್ಧವಾದರೆ ಕೂಲರಿನೊಳಗೆ ಆಯಿಲ್ ಹೆಚ್ಚು ಹೊತ್ತು ನಿಂತು ಇನ್ನೂ ಕೆಲವು ಡಿಗ್ರಿ ಹೆಚ್ಚು ತಣಿಯುತ್ತದೆ, ಆದರೂ ಒಟ್ಟು ಹೊರಹೋಗುವ ಶಾಖ ಕಡಿಮೆಯೇ ಆಗುತ್ತದೆ. ನಿಧಾನವಾಗಿ ಹರಿದರೆ ಚೆನ್ನಾಗಿ ತಣಿಯುತ್ತದೆ ಎಂಬ ನಂಬಿಕೆ ಕೊಳವೆಯ ತುದಿಯಲ್ಲಿ ಅಳೆದ ಉಷ್ಣತೆಯನ್ನು ಮಾತ್ರ ನೋಡುವುದರಿಂದ ಹುಟ್ಟಿದ್ದು.

ಕೊಳವೆಯ ಒಳವ್ಯಾಸ ಇಲ್ಲಿ ನಿರ್ಣಾಯಕ. ದಪ್ಪ ದ್ರವ ಕಿರಿದಾದ ಕೊಳವೆಯಲ್ಲಿ ಸಾವಧಾನವಾಗಿ ಹರಿಯುವಾಗ ಎದುರಾಗುವ ತಡೆ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. 5/16 ಇಂಚಿನ ಕೊಳವೆಯ ಜಾಗದಲ್ಲಿ 3/8 ಇಂಚಿನದು ಬಂದರೆ ವ್ಯಾಸ ಹೆಚ್ಚುವುದು ಐದನೇ ಒಂದು ಭಾಗ ಮಾತ್ರ, ತಡೆ ಇಳಿಯುವುದು ಅರ್ಧಕ್ಕೂ ಹೆಚ್ಚು. ಕಣ್ಣಿಗೆ ಅತ್ಯಲ್ಪವೆನಿಸುವ ಈ ವ್ಯತ್ಯಾಸಕ್ಕೆ ದೊಡ್ಡ ಕೂಲರಿಗಿಂತ ಹೆಚ್ಚು ಬೆಲೆ ಕೊಡಬೇಕಾದ ಸಂದರ್ಭಗಳಿವೆ.

ಹೋಸಿನ ಆಯ್ಕೆ

ಕಪ್ಪಗೆ ದುಂಡಗೆ ಕಾಣುವ ಹೋಸುಗಳೆಲ್ಲ ಒಂದೇ ಅಲ್ಲ. ರೇಡಿಯೇಟರಿಗೂ ಹೀಟರಿಗೂ ಬಳಸುವ ಹೋಸನ್ನು ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನಿಂದ ಮಾಡುತ್ತಾರೆ. ನೀರಿಗೂ ಗ್ಲೈಕಾಲಿಗೂ ಅದು ಅತ್ಯುತ್ತಮ, ಆದರೆ ಖನಿಜ ಎಣ್ಣೆ ತಾಕಿದರೆ ಉಬ್ಬಿ ಮೆತ್ತಗಾಗಿ ಕ್ಲಿಪ್ಪಿನಡಿಯಿಂದ ಜಾರುತ್ತದೆ. ನೋಡಲು ಚೆಂದವಾದ ಬಣ್ಣಬಣ್ಣದ ಸಾಧಾರಣ ಸಿಲಿಕೋನ್ ಹೋಸು ಶಾಖವನ್ನು ತಾಳಬಲ್ಲದಾದರೂ ಬಿಸಿ ಆಯಿಲಿನೊಡನೆ ಅದರ ಹೊಂದಾಣಿಕೆ ಕೆಟ್ಟದ್ದು. ಪೆಟ್ರೋಲಿನ ಹೋಸು ಗಾತ್ರದಲ್ಲಿ ಸರಿಹೊಂದುವುದರಿಂದ ಅದನ್ನು ಹಾಕಿಬಿಡುವವರು ಬಹಳ ಇದ್ದಾರೆ. ಅದು ಎಣ್ಣೆಗೆ ಕರಗುವುದಿಲ್ಲ, ಆದರೆ ಗೇರ್‌ಬಾಕ್ಸಿನ ಆಯಿಲಿನ ನಿರಂತರ ಬಿಸಿಗೆ ಅದನ್ನು ರೂಪಿಸಿಲ್ಲವಾದ್ದರಿಂದ ಕಾಲಕ್ರಮದಲ್ಲಿ ಗಡುಸಾಗಿ ತುದಿಯಲ್ಲಿ ಸೀಳುತ್ತದೆ.

ಹೋಸಿನ ಮೈಮೇಲೆ ಅಚ್ಚಾಗಿರುವ ಬರಹವನ್ನು ಓದುವುದು ಮೊದಲ ಕೆಲಸ. ಟ್ರಾನ್ಸ್‌ಮಿಷನ್ ಆಯಿಲ್ ಕೂಲರಿನ ಹೋಸಿಗೆಂದೇ ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಜೆ1532 ಎಂಬ ಮಾನದಂಡವಿದೆ, ಆ ಸಂಖ್ಯೆ ಇರುವ ಹೋಸನ್ನು ಬಿಸಿ ಆಯಿಲಿನೊಡನೆ ಪರೀಕ್ಷಿಸಲಾಗಿರುತ್ತದೆ. ಒಳಪದರದ ವಸ್ತುವಿನಲ್ಲೂ ಮೆಟ್ಟಿಲುಗಳಿವೆ: ಸಾಧಾರಣ ನೈಟ್ರೈಲ್ ರಬ್ಬರ್ 100 ಡಿಗ್ರಿಯ ಆಚೆಗೆ ಬೇಗ ಮುಪ್ಪಾಗುತ್ತದೆ, ಹೈಡ್ರೋಜನ್ ಸೇರಿಸಿದ ನೈಟ್ರೈಲ್ 150 ಡಿಗ್ರಿಯವರೆಗೆ ನಿಲ್ಲುತ್ತದೆ, ಫ್ಲೋರೋಕಾರ್ಬನ್ ರಬ್ಬರ್ 200ರ ಸಮೀಪಕ್ಕೂ ಹೋಗಬಲ್ಲದು. ಬಹುಪಾಲು ಕಾರುಗಳಿಗೆ ಜೆ1532 ಗುರುತಿನ ಒಳ್ಳೆಯ ರಬ್ಬರ್ ಹೋಸು, ಸರಿಯಾದ ತುದಿಗಳೊಡನೆ, ಧಾರಾಳವಾಗಿ ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದಕ್ಕಿಂತ ಹೆಚ್ಚಿನ ಬಾಳಿಕೆ ಬೇಕೆನ್ನುವವರು ಪಿಟಿಎಫ್‌ಇ ಒಳಪದರದ ಹೋಸಿಗೆ ಹೋಗುತ್ತಾರೆ. ಈ ಪ್ಲಾಸ್ಟಿಕ್ಕು ಯಾವ ಆಯಿಲಿಗೂ ಜಗ್ಗುವುದಿಲ್ಲ, 230 ಡಿಗ್ರಿಯ ಆಸುಪಾಸಿನವರೆಗೂ ತಾಳುತ್ತದೆ, ರಬ್ಬರಿನಂತೆ ವರ್ಷ ಕಳೆದಂತೆ ಒಣಗುವುದಿಲ್ಲ. ಆದರೆ ಅದು ಗಡುಸು. ತಯಾರಕರು ಸೂಚಿಸಿದ ಕನಿಷ್ಠ ತ್ರಿಜ್ಯಕ್ಕಿಂತ ಬಿಗಿಯಾಗಿ ಒಮ್ಮೆ ಬಾಗಿಸಿದರೆ ಒಳಗೆ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದ ತುಂಡನ್ನು ನೇರ ಮಾಡಿದರೂ ಆ ಜಾಗ ದುರ್ಬಲವಾಗಿಯೇ ಉಳಿಯುತ್ತದೆ, ಅದನ್ನು ಎಸೆಯುವುದೊಂದೇ ದಾರಿ. ಇನ್ನೊಂದು ಸೂಕ್ಷ್ಮವೆಂದರೆ, 6ನೇ ಸಂಖ್ಯೆಯ, ಅಂದರೆ ಇಂಚಿನ 6/16 ಅಳತೆಯ, ಪಿಟಿಎಫ್‌ಇ ಹೋಸಿನ ಒಳವ್ಯಾಸ ಸಾಮಾನ್ಯವಾಗಿ 8 ಮಿಲಿಮೀಟರ್ ಮಾತ್ರ. ಹೆಸರಿಗೆ 3/8 ಇಂಚಿನ ಕೊಳವೆಗೆ ಸಮಾನವೆನಿಸಿದರೂ ಹರಿವಿನಲ್ಲಿ ಅದು 5/16ರ ಕೊಳವೆಯಂತೆ ವರ್ತಿಸುತ್ತದೆ. ಭಾರ ಎಳೆಯುವ ವಾಹನಕ್ಕೆ ಪಿಟಿಎಫ್‌ಇ ಆರಿಸಿದರೆ 8ನೇ ಸಂಖ್ಯೆಯನ್ನೇ ತೆಗೆದುಕೊಳ್ಳುವುದು ಲೇಸು.

ಹೊರಗಿನ ಸ್ಟೀಲ್ ಹೆಣಿಗೆಯ ಬಗ್ಗೆ ಎರಡು ಎಚ್ಚರಿಕೆಗಳು. ಹೆಣಿಗೆ ಇದ್ದ ಮಾತ್ರಕ್ಕೆ ಹೋಸು ಒತ್ತಡ ತಾಳುತ್ತದೆ ಎಂದಲ್ಲ. ಸಾಧಾರಣ ರಬ್ಬರಿನ ಮೇಲೆ ಅಲಂಕಾರಕ್ಕೆ ತೊಡಿಸಿದ ತೆಳು ಹೆಣಿಗೆಯೂ ಮಾರಾಟಕ್ಕಿದೆ. ನಿಜವಾದ ಸ್ಟೀಲ್ ಹೆಣಿಗೆಯಾದರೆ ಅದು ಅರದಂತೆ ಕೆಲಸ ಮಾಡುತ್ತದೆ: ಪಕ್ಕದಲ್ಲಿ ತಾಕುವ ಅಲ್ಯೂಮಿನಿಯಮ್ ಪೈಪು, ವೈರಿನ ಹೊದಿಕೆ, ಕೊನೆಗೆ ಬಣ್ಣ ಬಳಿದ ತಗಡು, ಎಲ್ಲವನ್ನೂ ಕಂಪನದಲ್ಲಿ ತೇಯುತ್ತದೆ. ನೈಲಾನ್ ಹೆಣಿಗೆ ಅಥವಾ ಮೇಲೊಂದು ರಬ್ಬರ್ ಹೊದಿಕೆ ಇರುವ ಹೋಸು ಕಾರಿನ ಅಡಿಭಾಗಕ್ಕೆ ಹೆಚ್ಚು ಸೂಕ್ತ.

ಉದ್ದನೆಯ ನೇರ ದಾರಿಗೆ ಹೋಸೇ ಬೇಕೆಂದಿಲ್ಲ. ಕಾರ್ಖಾನೆಯವರು ಹಾಕುವ ಉಕ್ಕಿನ ಪೈಪು ತುಕ್ಕು ಹಿಡಿಯದಿದ್ದರೆ ಕಾರಿನ ಆಯುಷ್ಯವಿಡೀ ಬಾಳುತ್ತದೆ. ಚಾಸಿಯ ಉದ್ದಕ್ಕೂ ಗಟ್ಟಿ ಪೈಪನ್ನು ಉಳಿಸಿಕೊಂಡು, ಗೇರ್‌ಬಾಕ್ಸಿನ ಬಳಿ ಮತ್ತು ಕೂಲರಿನ ಬಳಿ ಮಾತ್ರ ಗಿಡ್ಡ ಹೋಸು ಬಳಸಿದರೆ ಮುಪ್ಪಾಗುವ ಭಾಗ ಕಡಿಮೆಯಾಗುತ್ತದೆ. ಹೊಸ ಪೈಪು ಬಾಗಿಸಬೇಕಾದರೆ ತಾಮ್ರ–ನಿಕ್ಕಲ್ ಮಿಶ್ರಲೋಹ ಒಳ್ಳೆಯದು. ಶುದ್ಧ ತಾಮ್ರ ಕಂಪನಕ್ಕೆ ಗಡುಸಾಗಿ ಬಿರುಕು ಬಿಡುವುದರಿಂದ ಅದನ್ನು ಬಳಸಬಾರದು.

ಫಿಟ್ಟಿಂಗುಗಳು: ಎಲ್ಲಿ ಮುಚ್ಚುತ್ತದೆ ಎಂಬ ಪ್ರಶ್ನೆ

ಯಾವುದೇ ಫಿಟ್ಟಿಂಗನ್ನು ಕೈಗೆತ್ತಿಕೊಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಆಯಿಲನ್ನು ಇಲ್ಲಿ ತಡೆದು ಹಿಡಿಯುವುದು ಯಾವ ಮೇಲ್ಮೈ? ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಸೀಲೆಂಟ್ ಎಲ್ಲಿ ಹಚ್ಚಬೇಕು, ಎಷ್ಟು ಬಿಗಿಯಬೇಕು, ಯಾವುದನ್ನು ಹೊಸದಾಗಿ ಹಾಕಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ಮಾರ್ಪಾಡು ಮಾಡುವವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಎನ್ ಫಿಟ್ಟಿಂಗು. ಅಮೆರಿಕದ ಸೇನೆ ಮತ್ತು ನೌಕಾಪಡೆಗಳು ವಿಮಾನಗಳಿಗಾಗಿ ರೂಪಿಸಿದ ಮಾನದಂಡದಿಂದ ಅದು ಬಂದಿದೆ. ಅದರ ಸಂಖ್ಯೆ ಇಂಚಿನ ಹದಿನಾರನೇ ಒಂದು ಭಾಗದ ಲೆಕ್ಕದಲ್ಲಿ ಪೈಪಿನ ಹೊರವ್ಯಾಸವನ್ನು ಹೇಳುತ್ತದೆ, ಹಾಗಾಗಿ 6 ಎಂದರೆ 3/8 ಇಂಚು, 8 ಎಂದರೆ ಅರ್ಧ ಇಂಚು. ಇದರಲ್ಲಿ ಮುಚ್ಚುವುದು 37 ಡಿಗ್ರಿ ಕೋನದ ಶಂಕುವಿನ ಮುಖ. ಥ್ರೆಡ್ಡಿನ ಕೆಲಸ ಆ ಮುಖಗಳನ್ನು ಒತ್ತಿ ಹಿಡಿಯುವುದಷ್ಟೇ. ಆದುದರಿಂದ ಎಎನ್ ಥ್ರೆಡ್ಡಿಗೆ ಟೇಪ್ ಸುತ್ತುವುದು ನಿರರ್ಥಕ, ಅಷ್ಟೇ ಅಲ್ಲ, ಹರಿದ ಟೇಪಿನ ಚೂರು ಗೇರ್‌ಬಾಕ್ಸಿನ ಕವಾಟಗಳಿಗೆ ಹೋಗಿ ಸಿಕ್ಕಿಕೊಳ್ಳುವ ಅಪಾಯವನ್ನು ತಾನೇ ತಂದುಕೊಂಡಂತೆ. ಶಂಕುವಿನ ಮೇಲೆ ಗೀರು ಬಿದ್ದಿದ್ದರೆ ಎಷ್ಟು ಬಿಗಿದರೂ ಅದು ಸೋರುತ್ತದೆ.

ಇಲ್ಲೊಂದು ಬಲೆ ಇದೆ. ವಾಹನಗಳಲ್ಲೂ ಗ್ಯಾಸ್ ಕೊಳವೆಗಳಲ್ಲೂ ಬಳಸುವ 45 ಡಿಗ್ರಿಯ ಫ್ಲೇರ್ (ತುದಿ ಅರಳಿಸಿದ) ಫಿಟ್ಟಿಂಗು ನೋಡಲು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. 3/8ರ ಅಳತೆಯಲ್ಲಿ ಎರಡರ ಥ್ರೆಡ್ ಬೇರೆಯಾದ್ದರಿಂದ ತಪ್ಪು ಆಗುವುದಿಲ್ಲ. ಅರ್ಧ ಇಂಚಿನ ಅಳತೆಯಲ್ಲಿ ಮಾತ್ರ ಎರಡರದ್ದೂ 3/4 ಇಂಚಿಗೆ 16 ಎಳೆಗಳ ಒಂದೇ ಥ್ರೆಡ್. ಕೈಯಲ್ಲೇ ಸಲೀಸಾಗಿ ತಿರುಗಿ ಕೂರುತ್ತವೆ, ಬಿಗಿಯೂ ಆಗುತ್ತವೆ, ಆದರೆ ಕೋನಗಳು ಹೊಂದದೆ ಒಂದು ತೆಳು ಗೆರೆಯಲ್ಲಿ ಮಾತ್ರ ತಾಕಿ ಸೋರುತ್ತವೆ. ಬೇರೆ ಬೇರೆ ಕಡೆಯಿಂದ ತಂದ ಬಿಡಿಭಾಗಗಳನ್ನು ಸೇರಿಸುವಾಗ ಇದನ್ನು ಅಳೆದು ನೋಡಿಯೇ ಮುಂದುವರಿಯಬೇಕು.

ಕೂಲರಿನ ಮತ್ತು ಗೇರ್‌ಬಾಕ್ಸಿನ ಬಾಯಿಗಳಲ್ಲಿ ಹಲವು ಕಡೆ ಅಮೆರಿಕದ ಪೈಪ್ ಥ್ರೆಡ್ಡಾದ ಎನ್‌ಪಿಟಿ ಸಿಗುತ್ತದೆ. ಇದು ಕೊನೆಯ ಕಡೆಗೆ ಸಪೂರವಾಗುವ ಥ್ರೆಡ್, ಎಳೆಗಳೇ ಒಂದರೊಳಗೊಂದು ಬೆಣೆಯಂತೆ ಸೇರಿ ಮುಚ್ಚುತ್ತವೆ, ಆದ್ದರಿಂದ ಇಲ್ಲಿ ಸೀಲೆಂಟ್ ಬೇಕೇಬೇಕು. ಟೇಪಿಗಿಂತ ದ್ರವರೂಪದ ಸೀಲೆಂಟ್ ಸುರಕ್ಷಿತ, ಅದನ್ನೂ ಮೊದಲ ಒಂದೆರಡು ಎಳೆ ಬಿಟ್ಟು ಹಚ್ಚಬೇಕು. ಬೆಣೆಯ ಗುಣವೇ ಅಪಾಯವೂ ಹೌದು: ಗೇರ್‌ಬಾಕ್ಸಿನ ಹೊರಕವಚ ಅಲ್ಯೂಮಿನಿಯಮ್ ಎರಕದ್ದು, ಅದಕ್ಕೆ ಉಕ್ಕಿನ ಎನ್‌ಪಿಟಿ ಫಿಟ್ಟಿಂಗನ್ನು ಇನ್ನೊಂದು ಸುತ್ತು ಬಿಗಿಯೋಣ ಎಂದು ಹೊರಟರೆ ಕವಚವೇ ಸೀಳಬಹುದು. ಬ್ರಿಟಿಷ್ ಪದ್ಧತಿಯ ಸಪೂರ ಥ್ರೆಡ್ಡಿನ ಕೋನ 55 ಡಿಗ್ರಿ, ಎನ್‌ಪಿಟಿಯದು 60; ಕಾಲು ಇಂಚಿನ ಅಳತೆಯಲ್ಲಿ ಒಂದಕ್ಕೆ ಇಂಚಿಗೆ 19 ಎಳೆ, ಇನ್ನೊಂದಕ್ಕೆ 18. ಎರಡು ಮೂರು ಸುತ್ತು ಹೋಗಿ ಬಿಗಿಯಾಯಿತು ಎನಿಸಿದರೆ ಬಹುಶಃ ಅದು ಬಿಗಿಯಲ್ಲ, ಜಗಳ.

ಆಯ್ಕೆ ನನ್ನ ಕೈಯಲ್ಲಿದ್ದರೆ ಓ–ರಿಂಗ್ ಇರುವ ನೇರ ಥ್ರೆಡ್ಡಿನ ಫಿಟ್ಟಿಂಗನ್ನೇ ನಾನು ಆರಿಸುತ್ತೇನೆ. ಅದರಲ್ಲಿ ಮುಚ್ಚುವುದು ರಬ್ಬರಿನ ಉಂಗುರ, ಥ್ರೆಡ್ಡಿಗೆ ಬೆಣೆಯ ಒತ್ತಡವಿಲ್ಲ, ಬಿಚ್ಚಿ ಹಾಕುವುದು ಸುಲಭ, ಉಂಗುರ ಹಳೆಯದಾದರೆ ಅದನ್ನಷ್ಟೇ ಬದಲಿಸಬಹುದು. ಬ್ಯಾಂಜೊ ಬೋಲ್ಟ್, ಅಂದರೆ ಒಳಗೆ ಆಯಿಲ್ ಹರಿಯುವ ಟೊಳ್ಳು ಬೋಲ್ಟ್, ಇರುವ ಕಾರುಗಳಲ್ಲಿ ಅದರ ಎರಡೂ ಕಡೆಯ ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ವಾಷರುಗಳನ್ನು ಪ್ರತಿ ಸಲವೂ ಹೊಸದು ಹಾಕಬೇಕು. ಇತ್ತೀಚಿನ ಕಾರುಗಳ ಒತ್ತಿದರೆ ಕೂರುವ ಕನೆಕ್ಟರಿನಲ್ಲಿ ಪೈಪನ್ನು ಹಿಡಿದಿರುವುದು ಒಂದು ಸಣ್ಣ ತಂತಿಯ ಕ್ಲಿಪ್ಪು ಮಾತ್ರ. ಅದು ಸವೆದಿದ್ದರೆ ಹೊಸ ಹೋಸು ಹಾಕಿಯೂ ಪ್ರಯೋಜನವಿಲ್ಲ. ಆ ಬಾಯಿಯ ಥ್ರೆಡ್ಡಿಗೆ ಹೊಂದುವ ಅಡಾಪ್ಟರಿನಿಂದ ಎಎನ್‌ಗೆ ಬದಲಾಯಿಸಿಕೊಂಡರೆ ಆ ದುರ್ಬಲ ಕೊಂಡಿ ಪೂರ್ತಿ ಹೊರಗೆ ಹೋಗುತ್ತದೆ.

ಇನ್ನು ಹೋಸನ್ನು ಪೈಪಿಗೆ ತೂರಿಸಿ ಕ್ಲಿಪ್ ಹಾಕುವ ಹಳೆಯ ವಿಧಾನ. ಇದನ್ನು ತಳ್ಳಿಹಾಕಬೇಕಾಗಿಲ್ಲ, ಕೂಲರಿನ ಕೊಳವೆಗಳಲ್ಲಿ ಆಯಿಲ್ ಬೆಚ್ಚಗಿರುವಾಗ ಒತ್ತಡ ಕೆಲವೇ ಬಾರ್ ಇರುತ್ತದೆ. ಆದರೆ ಚಳಿಯಲ್ಲಿ ಆಯಿಲ್ ದಪ್ಪಗಿರುವಾಗ ಆ ಒತ್ತಡ ಹಠಾತ್ತನೆ ಏರುತ್ತದೆ. ಕತ್ತರಿಸಿದ ನುಣುಪಾದ ಪೈಪಿನ ಮೇಲೆ ತೂರಿಸಿದ ಹೋಸು ಅಂತಹ ಹೊತ್ತಿನಲ್ಲೇ ಜಾರುವುದು. ಪೈಪಿನ ತುದಿಯಲ್ಲಿ ಉಬ್ಬು ಏರು ಮಾಡಿಸಿಕೊಂಡು, ಆ ಉಬ್ಬಿನ ಹಿಂದೆ ಕ್ಲಿಪ್ ಕೂರಿಸಬೇಕು. ಸೀಳುಗಳಿರುವ ಸಾಧಾರಣ ತಿರುಪಿನ ಕ್ಲಿಪ್ಪು ರಬ್ಬರನ್ನು ಕತ್ತರಿಸುತ್ತದೆ. ಒಳಮೈ ನುಣುಪಾಗಿದ್ದು ಸುತ್ತಲೂ ಸಮನಾಗಿ ಒತ್ತುವ ಕ್ಲಿಪ್ಪನ್ನು ಹುಡುಕಿ ತರುವುದು ಯೋಗ್ಯ.

ಎಲ್ಲಕ್ಕಿಂತ ಮುಖ್ಯವಾಗಿ, ಕೀಲುಗಳ ಸಂಖ್ಯೆಯನ್ನೇ ಕಡಿಮೆ ಮಾಡಬೇಕು. ಒಂದು ಅಡಾಪ್ಟರಿಗೆ ಇನ್ನೊಂದು ಅಡಾಪ್ಟರ್, ಅದಕ್ಕೊಂದು ಮೊಣಕೈ ಎಂದು ಸೇರಿಸುತ್ತ ಹೋದರೆ ಪ್ರತಿಯೊಂದೂ ಸೋರುವ ಒಂದು ಅವಕಾಶ, ಪ್ರತಿಯೊಂದೂ ಹರಿವಿಗೆ ಒಂದು ತಡೆ. ಒಳಗೆ ಚೂಪಾಗಿ ತಿರುಗುವ 90 ಡಿಗ್ರಿಯ ಎರಕದ ಮೊಣಕೈಗಿಂತ ನಿಧಾನವಾಗಿ ಬಾಗಿದ ಕೊಳವೆಯ ಮೊಣಕೈ ಬಹಳ ಉತ್ತಮ. ಗೇರ್‌ಬಾಕ್ಸಿನ ಬಾಯಲ್ಲಿ ಕಂಪನ ಹೆಚ್ಚಿರುವುದರಿಂದ ಅಲ್ಲಿ ಉಕ್ಕಿನ ಫಿಟ್ಟಿಂಗು ಇರಲಿ, ಹಗುರವಾದ ಅಲ್ಯೂಮಿನಿಯಮ್ ಫಿಟ್ಟಿಂಗು ಕೂಲರಿನ ಕಡೆ ಇರಲಿ.

ಜೋಡಣೆ

ಹೋಸನ್ನು ಕತ್ತರಿಸುವ ಮೊದಲು ಆ ಜಾಗಕ್ಕೆ ಟೇಪ್ ಬಿಗಿಯಾಗಿ ಸುತ್ತಿದರೆ ಹೆಣಿಗೆ ಬಿಚ್ಚಿಕೊಳ್ಳುವುದಿಲ್ಲ. ತೆಳುವಾದ ಕತ್ತರಿಸುವ ಚಕ್ರದಿಂದ ನೇರವಾಗಿ ಕತ್ತರಿಸಿ, ಒಳಗೆ ಸೇರಿದ ಲೋಹದ ಪುಡಿಯನ್ನೂ ರಬ್ಬರಿನ ಚೂರನ್ನೂ ಪೂರ್ತಿ ಹೊರತೆಗೆಯಬೇಕು. ಈ ಹಂತದಲ್ಲಿ ತೋರುವ ಶ್ರದ್ಧೆಯೇ ಮುಂದೆ ಗೇರ್‌ಬಾಕ್ಸಿನ ಕವಾಟಗಳನ್ನು ಕಾಯುತ್ತದೆ. ರಬ್ಬರ್ ಹೋಸಿನ ತುದಿ ಮತ್ತು ಪಿಟಿಎಫ್‌ಇ ಹೋಸಿನ ತುದಿ ಬೇರೆ ಬೇರೆ. ಪಿಟಿಎಫ್‌ಇಗೆ ಹೆಣಿಗೆ ಮತ್ತು ಒಳಪದರದ ನಡುವೆ ಕೂರುವ ಪುಟ್ಟ ಲೋಹದ ಉಂಗುರ ಬೇಕು, ಅದಿಲ್ಲದೆ ಬಿಗಿದ ತುದಿ ಬಿಸಿಯಾದೊಡನೆ ಕಳಚಿಕೊಳ್ಳುತ್ತದೆ. ರಬ್ಬರ್ ಹೋಸನ್ನು ತುದಿಯ ಕವಚದೊಳಗೆ ತಳ್ಳಿದ ಮೇಲೆ ಕವಚದ ಅಂಚಿನಲ್ಲಿ ಹೋಸಿನ ಮೇಲೆ ಒಂದು ಗೆರೆ ಎಳೆಯಿರಿ. ಒಳಗಿನ ನಿಪ್ಪಲನ್ನು (ಹೋಸಿನೊಳಗೆ ತೂರುವ ಕೊಳವೆಯನ್ನು) ಬಿಗಿಯುವಾಗ ಹೋಸು ಹಿಂದಕ್ಕೆ ಸರಿದರೆ ಆ ಗೆರೆ ದೂರವಾಗಿ ತಪ್ಪನ್ನು ತೋರಿಸಿಕೊಡುತ್ತದೆ. ನಿಪ್ಪಲಿಗೆ ಅದೇ ಗೇರ್‌ಬಾಕ್ಸ್ ಆಯಿಲನ್ನು ಸವರಬೇಕು. ಬಿಗಿಯುವಾಗ ಯಾವಾಗಲೂ ಎರಡು ಸ್ಪ್ಯಾನರ್ ಬಳಸಬೇಕು, ಒಂದು ತಿರುಗಿಸಲು, ಇನ್ನೊಂದು ಕೂಲರಿನ ಬಾಯಿಯನ್ನು ತಿರುಚದಂತೆ ಹಿಡಿಯಲು.

ಹೋಸಿನ ದಾರಿ ಹಾಕುವಾಗ ಎಂಜಿನ್ ಮತ್ತು ಗೇರ್‌ಬಾಕ್ಸು ತಮ್ಮ ರಬ್ಬರ್ ಮೌಂಟಿನ ಮೇಲೆ ಓಲಾಡುತ್ತವೆ, ಕೂಲರ್ ಮಾತ್ರ ಚಾಸಿಗೆ ಅಂಟಿ ನಿಂತಿರುತ್ತದೆ ಎಂಬುದನ್ನು ನೆನಪಿಡಬೇಕು. ಈ ಎರಡರ ನಡುವಿನ ಹೋಸಿಗೆ ಸಡಿಲ ಇರಲೇಬೇಕು. ಹೆಣಿಗೆಯ ಹೋಸು ತನ್ನ ಪೂರ್ಣ ಒತ್ತಡದಲ್ಲಿ ಉದ್ದದ 4 ಪ್ರತಿಶತದವರೆಗೆ ಕುಗ್ಗಬಹುದು. ಕೂಲರಿನ ಒತ್ತಡ ಅದಕ್ಕಿಂತ ಬಹಳ ಕಡಿಮೆಯಾದರೂ ತಂತಿಯಂತೆ ಎಳೆದು ಕಟ್ಟಿದ ಹೋಸು ತುದಿಯನ್ನು ಸದಾ ಎಳೆಯುತ್ತಿರುತ್ತದೆ. ಹೋಸು ತಿರುಚಿಕೊಂಡಿರಬಾರದು, ಚಕ್ರ ಪೂರ್ತಿ ತಿರುಗಿದಾಗಲೂ ತಾಕಬಾರದು, ಕಾರಿನ ಅತಿ ತಗ್ಗಿನ ಭಾಗವಾಗಿ ನೇತಾಡಬಾರದು. 30ರಿಂದ 45 ಸೆಂಟಿಮೀಟರಿಗೊಮ್ಮೆ ರಬ್ಬರ್ ಹೊದಿಕೆಯ ಲೋಹದ ಹಿಡಿಕೆಯಿಂದ ಹಿಡಿಸಿ, ಎಕ್ಸಾಸ್ಟಿನಿಂದ ಸಾಧ್ಯವಾದಷ್ಟು ದೂರ ಒಯ್ಯಬೇಕು. ದೂರವಿಡಲು ಜಾಗವೇ ಇಲ್ಲದ ಕಡೆ ಗಾಜಿನ ನಾರಿನ ಶಾಖಕವಚವನ್ನು ತೊಡಿಸಬೇಕು.

ಕೂಲರನ್ನು ಎಸಿ ಕಂಡೆನ್ಸರಿನ ಮುಂದೆ, ಅದಕ್ಕೆ ತಾಕದಂತೆ ಸುಮಾರು ಒಂದು ಸೆಂಟಿಮೀಟರ್ ಅಂತರ ಬಿಟ್ಟು, ಲೋಹದ ಬ್ರಾಕೆಟ್ಟುಗಳಿಂದ ನಿಲ್ಲಿಸುವುದು ಸರಿ. ಪ್ಲಾಸ್ಟಿಕ್ ಪಟ್ಟಿಗಳನ್ನು ರೇಡಿಯೇಟರಿನ ರೆಕ್ಕೆಗಳ ನಡುವೆ ತೂರಿಸಿ ಕಟ್ಟುವ ವಿಧಾನ ಅಗ್ಗದ ಕಿಟ್ಟುಗಳ ಜೊತೆ ಬರುತ್ತದೆ. ಕಂಪನದಲ್ಲಿ ಆ ಪಟ್ಟಿಗಳು ರೇಡಿಯೇಟರಿನ ತೆಳು ಕೊಳವೆಗಳನ್ನೇ ಕೊರೆದುಬಿಡುವುದರಿಂದ ಅದನ್ನು ಬಳಸದಿರುವುದೇ ಮೇಲು. ಕೂಲರಿನ ಬಾಯಿಗಳು ಕೆಳಮುಖವಾಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಮೇಲ್ಮುಖವಾಗಿ ಅಥವಾ ಬದಿಗೆ ಇರಲಿ.

ದಾರಿಯ ಕ್ರಮ ಮತ್ತು ಥರ್ಮೋಸ್ಟಾಟ್

ಗೇರ್‌ಬಾಕ್ಸಿನಿಂದ ಬಂದ ಆಯಿಲ್ ಮೊದಲು ರೇಡಿಯೇಟರಿನೊಳಗಿನ ಹಳೆಯ ಕೂಲರಿಗೆ, ಅಲ್ಲಿಂದ ಹೊಸ ಗಾಳಿ ಕೂಲರಿಗೆ, ಅಲ್ಲಿಂದ ಗೇರ್‌ಬಾಕ್ಸಿಗೆ ಮರಳುವುದು ಹೆಚ್ಚು ಒಪ್ಪಿತವಾದ ಕ್ರಮ. ಹೀಗೆ ಮಾಡಿದರೆ ಕೂಲೆಂಟಿಗಿಂತ ಬಿಸಿಯಾದ ಭಾಗವನ್ನು ರೇಡಿಯೇಟರ್ ಇಳಿಸುತ್ತದೆ, ಅದರಿಂದ ಕೆಳಗಿನದನ್ನು ಗಾಳಿ ಇಳಿಸುತ್ತದೆ. ಯಾವ ಪೈಪು ಹೊರಹೋಗುವುದು, ಯಾವುದು ಮರಳುವುದು ಎಂಬುದನ್ನು ತಣ್ಣನೆಯ ಎಂಜಿನ್ನನ್ನು ಶುರು ಮಾಡಿ ಮುಟ್ಟಿ ನೋಡಿ ತಿಳಿಯಬಹುದು, ಮೊದಲು ಬೆಚ್ಚಗಾಗುವುದು ಹೊರಹೋಗುವ ಪೈಪು.

ಅತಿಯಾದ ತಂಪೂ ಹಿತವಲ್ಲ. ಇಂದಿನ ಗೇರ್‌ಬಾಕ್ಸಿನ ಕಂಪ್ಯೂಟರ್ ಆಯಿಲಿನ ಉಷ್ಣತೆಯನ್ನು ನೋಡಿ ಗೇರ್ ಬದಲಿಸುತ್ತದೆ, ಆಯಿಲ್ ತಣ್ಣಗಿರುವವರೆಗೆ ಲಾಕಪ್ ಕ್ಲಚ್ಚನ್ನು ಸೇರಿಸದೆ ಇರಬಹುದು. ಚಳಿಯ ಪ್ರದೇಶದಲ್ಲಿ ಓಡುವ ಕಾರಿಗೆ, ಅಥವಾ ರೇಡಿಯೇಟರಿನ ಕೂಲರನ್ನು ಪೂರ್ತಿ ಬಿಟ್ಟು ಗಾಳಿ ಕೂಲರನ್ನೇ ನೆಚ್ಚಿಕೊಂಡ ಕಾರಿಗೆ, ಥರ್ಮೋಸ್ಟಾಟ್ ಇರುವ ಬೈಪಾಸ್ ಅಡಾಪ್ಟರ್ ಅಗತ್ಯ. ಆಯಿಲ್ ಸುಮಾರು 80 ಡಿಗ್ರಿಗೆ ಬರುವವರೆಗೆ ಅದು ಹರಿವಿನ ಬಹುಭಾಗವನ್ನು ನೇರವಾಗಿ ಗೇರ್‌ಬಾಕ್ಸಿಗೇ ಮರಳಿಸುತ್ತದೆ, ಆಮೇಲೆ ಕೂಲರಿನ ದಾರಿ ತೆರೆಯುತ್ತದೆ. ಸಿವಿಟಿ (ಮೆಟ್ಟಿಲುಗಳಿಲ್ಲದೆ ಗೇರಿನ ಅನುಪಾತ ಬದಲಿಸುವ ಬಗೆ) ಮತ್ತು ಆಯಿಲಿನಲ್ಲಿ ಮುಳುಗಿದ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸುಗಳಲ್ಲಿ ಕಾರ್ಖಾನೆಯ ಏರ್ಪಾಡು ಬೇರೆಯೇ ಇರುವುದರಿಂದ ಅವುಗಳಿಗೆ ಆ ಮಾದರಿಗೆಂದೇ ಮಾಡಿದ ಅಡಾಪ್ಟರ್ ಇಲ್ಲದೆ ಕೈ ಹಾಕಬಾರದು.

ಆಯಿಲ್ ತುಂಬಿ ಪರೀಕ್ಷಿಸುವುದು

ಹಿಂದೊಮ್ಮೆ ಕ್ಲಚ್ ಸುಟ್ಟುಹೋಗಿದ್ದ ಗೇರ್‌ಬಾಕ್ಸಾದರೆ ಹಳೆಯ ಕೂಲರಿನಲ್ಲಿ ಅದರ ಚೂರುಗಳು ಕುಳಿತಿರುತ್ತವೆ. ನೇರ ಕೊಳವೆಯನ್ನು ತೊಳೆಯಬಹುದು, ಆದರೆ ತಟ್ಟೆಗಳ ಕೂಲರಿನ ಇಕ್ಕಟ್ಟಾದ ಹಾದಿಗಳು ಪೂರ್ತಿ ಶುದ್ಧವಾದವೆಂದು ಭರವಸೆಯಿಂದ ಹೇಳಲಾಗದು. ಅದನ್ನು ಬದಲಿಸಿ, ಮರಳುವ ಕೊಳವೆಯಲ್ಲಿ ಒಂದು ಫಿಲ್ಟರ್ ಸೇರಿಸುವುದು ಸರಿಯಾದ ಕ್ರಮ.

ಹೊಸ ಹೋಸು ಮತ್ತು ಕೂಲರ್ ತಮ್ಮ ಪಾಲಿನ ಆಯಿಲನ್ನು ಕೇಳುತ್ತವೆ. 9.5 ಮಿಲಿಮೀಟರ್ ಒಳವ್ಯಾಸದ 3 ಮೀಟರ್ ಹೋಸಿನಲ್ಲೇ 200 ಮಿಲಿಲೀಟರಿಗೂ ಹೆಚ್ಚು ಹಿಡಿಯುತ್ತದೆ, ಕೂಲರಿನದು ಅದಕ್ಕೆ ಸೇರುತ್ತದೆ. ಕಾರಿನ ಕೈಪಿಡಿ ಹೇಳಿದ ಜಾತಿಯ ಆಯಿಲನ್ನೇ ಹಾಕಿ, ಎಂಜಿನ್ ಓಡುತ್ತಿರುವಾಗ, ಅದು ಹೇಳಿದ ಉಷ್ಣತೆಯಲ್ಲೇ ಮಟ್ಟ ನೋಡಬೇಕು, ಏಕೆಂದರೆ ಬಿಸಿಯಾದ ಆಯಿಲ್ ಹಿಗ್ಗಿ ತಪ್ಪು ಮಟ್ಟ ತೋರಿಸುತ್ತದೆ. ಹೆಚ್ಚಾದರೂ ಕೆಡುಕೇ: ತಿರುಗುವ ಗೇರುಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ, ನೊರೆಯಿಂದ ಒತ್ತಡ ಹುಟ್ಟುವುದಿಲ್ಲ.

ಎಂಜಿನ್ ಶುರು ಮಾಡಿದ ಮೊದಲ ಕೆಲವು ಕ್ಷಣಗಳಲ್ಲಿ ಪ್ರತಿ ಕೀಲಿನ ಕೆಳಗೂ ಟಾರ್ಚ್ ಹಿಡಿದು ಇನ್ನೊಬ್ಬರು ನೋಡುತ್ತಿರುವುದು ಒಳ್ಳೆಯದು. ನಂತರ ಒಂದು ಏರಿನ ಓಟ ಮುಗಿಸಿ ಆಯಿಲ್ ಪೂರ್ತಿ ಬಿಸಿಯಾದ ಮೇಲೆ, ಮತ್ತು ಅದು ರಾತ್ರಿಯಿಡೀ ತಣ್ಣಗಾದ ಮೇಲೆ ಮರುದಿನ, ಫಿಟ್ಟಿಂಗುಗಳ ಸುತ್ತ ಬಿಳಿ ಬಟ್ಟೆಯಿಂದ ಒರೆಸಿ ಕೆಂಪು ಕಲೆ ಕಾಣುತ್ತದೆಯೇ ಎಂದು ಪರಿಶೀಲಿಸಬೇಕು. ರಬ್ಬರ್ ಹೋಸಿನ ಕ್ಲಿಪ್ಪುಗಳು ಮೊದಲ ಬಿಸಿ ತಣ್ಣಗಾದ ಮೇಲೆ ಸ್ವಲ್ಪ ಸಡಿಲವಾಗುವುದು ಸಹಜ, ಅವನ್ನು ಆಗ ಒಮ್ಮೆ ಬಿಗಿಯಬೇಕು. ಎಎನ್ ಫಿಟ್ಟಿಂಗು ಸೋರುತ್ತಿದ್ದರೆ ಮಾತ್ರ ಮತ್ತೆ ಬಿಗಿಯುವ ಆತುರ ಬೇಡ. ಬಿಚ್ಚಿ, ಶಂಕುವಿನ ಎರಡೂ ಮುಖಗಳನ್ನು ಒರೆಸಿ ಬೆಳಕಿನಲ್ಲಿ ನೋಡಿ, ಗೀರು ಕಂಡರೆ ಆ ಭಾಗವನ್ನೇ ಬದಲಿಸಬೇಕು.